ಬಿಲ್ಲೆ ಬದಲು

ಬಸ್ಸು ಕೆ.ಆರ್. ಪುರದ ತೂಗುಸೇತುವೆ ದಾಟುವವರೆಗೂ ಶಿವಶರಣ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡೇ ಕೂತಿದ್ದ. ಚೀಲದಲ್ಲಿ ಕದ್ದ ಮಾಲೇನೂ ಇರಲಿಲ್ಲ. ಹೆಂಡತಿ ವಿಮಲಾಕ್ಷಿಯ ಕೂದಲು ಒಣಗಿಸುವ ಡ್ರೈಯರ್, ಒಂದು ಸುರುಳಿ ಗಾಳದ ದಾರ, ಹಳೆಯ ಬನಿಯನ್ನಿನ ಮೆತ್ತನೆಯ ತುಂಡು, ಪೇಪರಿನಲ್ಲಿ ಸುತ್ತಿದ ಅಂಗೈಯಗಲದ ಒಂದು ಬಿಲ್ಲೆ, ಇಷ್ಟೇ. ಆದರೂ ಪಕ್ಕದಲ್ಲಿ ಕೂತವನು ಒಮ್ಮೆ ಚೀಲದ ಕಡೆ ನೋಡಿದಾಗ ಅದನ್ನು ಕಿಟಕಿಯ ಕಡೆಗೆ ಸರಿಸಿಕೊಂಡ. ಬೆಳಿಗ್ಗೆ ಡ್ರೈಯರ್ ಕೇಳಿದಾಗ ವಿಮಲಾಕ್ಷಿ, "ನಿಮಗ್ಯಾಕ್ರಿ ಇದು? ತಲ್ಯಾಗ ಕೂದಲಾದ್ರೂ ಎಲ್ಲದಾವ?" ಎಂದು ನಕ್ಕಿದ್ದಳು. ಅವನಿಗೂ ನಗು ಬಂದಿತ್ತು. ಫ್ಯಾಕ್ಟರಿ ಕೆಲಸ ಅಂದ. ಭಾನುವಾರ ಎಂಥಾ ಫ್ಯಾಕ್ಟರಿ ಕೆಲಸ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದ? ಒಬ್ಬರ ಮನೆಗೆ ಹೋಗಿ ಅವರ ಕಾರಿನ ಬಿಲ್ಲೆ ಕಿತ್ತು, ಕಡಿಮೆಯದೊಂದು ಅಂಟಿಸಿ ಬರಬೇಕು, ತಪ್ಪು ನನ್ನದೇ ಎನ್ನಬೇಕಿತ್ತು. ಆ ಮಾತು ಅವನೊಂದಿಗೇ ಬಸ್ಸು ಹತ್ತಿತ್ತು.

ದೊಡ್ಡನೆಕ್ಕುಂದಿಯ ಪ್ರಭಾತ್ ಮೋಟರ್ಸ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ಅವನದು ಒಂದೇ ಕೆಲಸ. ಲೈನಿನ ತುದಿಯಲ್ಲಿ ನಿಂತು, ಮುಗಿದು ಬಂದ ಕಾರಿನ ಡಿಕ್ಕಿಯ ಮೇಲೆ ಕಂಪನಿಯ ಗುರುತು ಅಂಟಿಸುವುದು. ಉಳಿದವರೆಲ್ಲ ಅದನ್ನು ಎಂಬ್ಲಮ್ ಅನ್ನುತ್ತಿದ್ದರು, ಅವನು ಮನಸ್ಸಿನೊಳಗೆ ಬಿಲ್ಲೆ ಅನ್ನುತ್ತಿದ್ದ. ಮೊದಲೆಲ್ಲ ಒಂದೇ ಬಿಲ್ಲೆಯಿತ್ತು, ಪ್ರಭಾತದ ಅರ್ಧ ಸೂರ್ಯ. ಎರಡು ವರ್ಷದ ಹಿಂದೆ ಕಂಪನಿಯವರಿಗೆ ಸಿರಿವಂತರ ನೆನಪಾಗಿ ಲಿಯೋರಾ ಎಂಬ ಹೊಸ ಹೆಸರು ಹುಟ್ಟಿಸಿದರು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಅದಕ್ಕೆ ಗಾಜಿನ ಶೋರೂಂ ಆಯಿತು. ಅಲ್ಲಿ ಯಾರೂ ಅಪ್ಪಿತಪ್ಪಿಯೂ ಪ್ರಭಾತ್ ಎಂಬ ಹೆಸರು ಎತ್ತಕೂಡದು ಎಂದು ಕಟ್ಟಪ್ಪಣೆಯಾಯಿತು. ಕಾರು ಮಾತ್ರ ಅದೇ ಲೈನಿನಲ್ಲಿ, ಅದೇ ಇಂಜಿನ್ನು, ಅದೇ ಬಾಗಿಲು, ಅದೇ ಬೋಲ್ಟು ತೊಟ್ಟು ಬರುತ್ತಿತ್ತು. ಲಿಯೋರಾಕ್ಕೆ ಚರ್ಮದ ಸೀಟು, ಮರದಂತೆ ಕಾಣುವ ಪಟ್ಟಿ, ಹಿಂದೆ ರೆಕ್ಕೆ ಬಿಚ್ಚಿದ ಬೆಳ್ಳಿ ಬಣ್ಣದ ಬಿಲ್ಲೆ. ಅಂಟಿಸುವ ಕೈಗೂ ಬೇರೆ ಬೇರೆ ಮರ್ಯಾದೆ ಬಂತು. ಸೂರ್ಯನನ್ನು ಬರಿಗೈಯಲ್ಲಿ ಇಟ್ಟು ಹತ್ತು ಎಣಿಸುವವರೆಗೆ ಒತ್ತಿದರೆ ಸಾಕು. ಲಿಯೋರಾಕ್ಕೆ ಬಿಳಿ ಗ್ಲೌಸ್ ತೊಡಬೇಕು, ಮೂವತ್ತು ಎಣಿಸಬೇಕು. ಗ್ಲೌಸ್ ಹಾಕಿಕೊಂಡಾಗ ಎಡಗಡೆಯ ಡಬ್ಬಿ, ಬಿಚ್ಚಿದಾಗ ಬಲಗಡೆಯ ಡಬ್ಬಿ. ಕೆಲವು ತಿಂಗಳಲ್ಲಿ ಇದಕ್ಕೆ ತಲೆ ಬೇಕಾಗಲಿಲ್ಲ, ಕೈಯೇ ಕಲಿತುಬಿಟ್ಟಿತು. ತಪ್ಪು ನಡೆದ ದಿನ ಅಂಗೈಗೆ ತಗಡು ಕೊಯ್ದಿತ್ತು. ಗಾಯ ಕಂಡರೆ ಡಿಸ್ಪೆನ್ಸರಿಗೆ ಕಳಿಸಿ, ಆ ದಿನದ ಲೆಕ್ಕ ತಪ್ಪಿತೆಂದು ರಗಳೆ ಮಾಡುತ್ತಾರೆಂದು ಅವನು ಗ್ಲೌಸ್ ಬಿಚ್ಚಲೇ ಇಲ್ಲ. ಮುಂದಿನ ಕಾರು ಪ್ರಭಾತ್. ಗಾಜಿಗೆ ಅಂಟಿಸಿದ ಹಾಳೆಯಲ್ಲಿ ಹಾಗೆಂದೇ ಬರೆದಿತ್ತು, ಅವನು ಓದಿಯೂ ಇದ್ದ. ಗ್ಲೌಸಿನೊಳಗಿನ ಕೈ ಮಾತ್ರ ಎಡಗಡೆಯ ಡಬ್ಬಿಗೆ ಹೋಯಿತು. ಮೂವತ್ತು ಎಣಿಸಿದ್ದೂ ಅವನಿಗೆ ನೆನಪಿದೆ.

ತಿಂಗಳ ಮೇಲೆ ಆ ಕಾರು ಮೊದಲ ಸರ್ವೀಸಿಗೆ ಬಂದು ಹೋದ ಮೇಲೆ ಅದರ ಚಾಸಿಸ್ ನಂಬರು ತಾಳೆ ನೋಡಿದವರಿಗೆ ಗೊತ್ತಾಯಿತು. ಸೂಪರ್‌ವೈಸರ್ ಮುನಿಆಂಜನಪ್ಪ ಬೈಯುತ್ತಾನೆಂದು ಶಿವಶರಣ ಕಾದ. ಮುನಿಆಂಜನಪ್ಪ ಬೈಯಲಿಲ್ಲ, ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಒಂದ್ ತಿಂಗ್ಳು ಆ ಎಂಬ್ಲಮ್ ಹಾಕ್ಕೊಂಡು ಓಡಾಡವ್ರೆ ಗುರು, ಒಬ್ರಿಗಾದ್ರೂ ಡೌಟ್ ಬಂದಿಲ್ಲ. ಇದು ಹೊರಗಡೆ ಗೊತ್ತಾದ್ರೆ ಇಂದಿರಾನಗರದವ್ರು ಮಾರೋದೇನು, ಮಣ್ಣು? ನೀನೇ ಅಂಟ್ಸಿರೋದು, ನೀನೇ ಹೋಗಿ ಸದ್ದಿಲ್ದೆ ತೆಗ್ದು ಬಂದ್ಬಿಡು. ಸೋಮವಾರ ನಾನು ಮೇಲಿನೋರಿಗೆ ಆಯ್ತು ಅನ್ಬೇಕು" ಎಂದ. ಬೈದಿದ್ದರೇ ಚೆನ್ನಾಗಿತ್ತು ಎಂದು ಶಿವಶರಣನಿಗೆ ಅನ್ನಿಸಿತು.

ಹಲಸೂರು ಕೆರೆಯ ಬಳಿ ಬಸ್ಸು ನಿಂತೇಬಿಟ್ಟಿತು. ಮುಂದೆ ಮದುವೆಯ ವ್ಯಾನೊಂದು ಅಡ್ಡ ನಿಂತಿತ್ತು. ನೀರಿನ ಮೇಲೆ ಬಿಸಿಲು ಬಿದ್ದು ಕಣ್ಣು ಚುಚ್ಚುವಾಗ ಅವನಿಗೆ ಅಪ್ಪನ ಎದೆಯ ಹಿತ್ತಾಳೆಯ ಬಿಲ್ಲೆ ನೆನಪಾಯಿತು. ಅಪ್ಪ ಸಂಗನಬಸಪ್ಪ ತಾಲ್ಲೂಕು ಕಚೇರಿಯಲ್ಲಿ ಜವಾನ. ಹೆಗಲಿಂದ ಸೊಂಟದವರೆಗೆ ಇಳಿದ ಕೆಂಪು ಪಟ್ಟಿ, ಅದರ ಮೇಲೆ ಬಿಲ್ಲೆ. ಪ್ರತಿ ಸೋಮವಾರ ಅವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯುತ್ತಿದ್ದಳು. ಬಿಲ್ಲೆ ಇದ್ದಾಗ ಸಂತೆಯಲ್ಲಿ ಜನ ದಾರಿ ಬಿಡುತ್ತಿದ್ದರು, ತರಕಾರಿಯವಳು ಎರಡು ಮೆಣಸಿನಕಾಯಿ ಹೆಚ್ಚು ಹಾಕುತ್ತಿದ್ದಳು. ಹೈಸ್ಕೂಲಿನ ಫೀಸಿನ ಕಾಗದ ಹಿಡಿದು ಅಪ್ಪ ಒಮ್ಮೆ ಬಿಲ್ಲೆ ಸಮೇತ ಶಾಲೆಯ ಬಾಗಿಲಿಗೆ ಬಂದಾಗ ಪಕ್ಕದ ಹುಡುಗ, ಯಾರೋ ಅದು, ಎಂದ. ಕಚೇರಿಯವರು, ಎಂದಿದ್ದ ಶಿವಶರಣ. ಸುಳ್ಳೇನಲ್ಲ, ಕಚೇರಿಯವರೇ. ಅಪ್ಪನಿಗೆ ಕೇಳಿಸಿತೋ ಇಲ್ಲವೋ ಇವತ್ತಿಗೂ ತಿಳಿಯದು. ಕಾಗದ ಮೇಷ್ಟರ ಕೈಗಿಟ್ಟು, ಇವನ ಕಡೆ ನೋಡದೆ, ಕಚೇರಿಯವರು ಹೋಗುವ ಹಾಗೆಯೇ ಹೊರಟುಹೋದರು. ರಾತ್ರಿ ಊಟಕ್ಕೆ ಕೂತಾಗ ತಮ್ಮ ತಟ್ಟೆಯ ಬೆಲ್ಲದ ಚೂರನ್ನು ಇವನ ತಟ್ಟೆಗೆ ಹಾಕಿದ್ದರು. ಆ ಬೆಲ್ಲ ಇನ್ನೂ ಕರಗಿಲ್ಲ. ಕಂಡಕ್ಟರ್ ಶಿವಾಜಿನಗರ ಎಂದು ಎರಡು ಸಲ ಕೂಗಿದ ಮೇಲೆ ಅವನು ಎದ್ದ.

ಮಾರುಕಟ್ಟೆಯ ಹಿಂದಿನ ಗಲ್ಲಿಯ ಮೂಲೆಯಲ್ಲಿ ಕಾರು ನಿಂತಿತ್ತು. ದಟ್ಟ ನೀಲಿ ಬಣ್ಣ. ಮೇಲೆ ಹಾಸಿದ ಹೂವಿನ ಚಿತ್ರದ ಬೆಡ್‌ಶೀಟನ್ನು ಅರವತ್ತು ದಾಟಿದ ತೆಳ್ಳನೆಯ ಗೃಹಸ್ಥರೊಬ್ಬರು ಮಡಿಸುತ್ತಿದ್ದರು. ಅವರೇ ನಜೀರ್. ಶಿವಶರಣನನ್ನು ಕಂಡವರೇ ಬೆಡ್‌ಶೀಟು ಕಂಕುಳಿಗೆ ಸೇರಿಸಿ, ಕೈ ಎತ್ತಿ, "ಬನ್ನಿ ಸಾರ್, ಕಂಪನಿಯಿಂದ ಫೋನ್ ಬಂದಿತ್ತು. ಏನೋ ಸಣ್ಣ ಕೆಲ್ಸ ಅಂದ್ರು" ಎಂದರು. ತನ್ನ ತಂದೆಯ ವಯಸ್ಸಿನವರು ಸಾರ್ ಎಂದದ್ದು ಶಿವಶರಣನಿಗೆ ಹಿಂಸೆಯಾಯಿತು. ಹಾಗನ್ನಬೇಡಿ ಎಂದ. "ಬಾಯಿಗೆ ಅಭ್ಯಾಸ ಬಿಡಿ. ಮೂವತ್ತು ವರ್ಷ ಇಂದಿರಾನಗರದಲ್ಲಿ ಒಬ್ರು ಸಾಹೇಬ್ರ ಮನೇಲಿ ಡ್ರೈವರ್ ಆಗಿದ್ದೆ" ಎಂದು ಅವರು ನಕ್ಕರು. ಈಗ ಮಗ ಜಾಫರ್ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಜರಿ ಕೆಲಸದ ಅಂಗಡಿ ಇಟ್ಟು ಕೈತುಂಬ ದುಡಿಯುತ್ತಿದ್ದ. ಅಬ್ಬಾ, ನೀವು ಬೇರೆಯವರ ಕಾರು ತೊಳೆದದ್ದು ಸಾಕು ಎಂದು ತಂದೆಗೆ ಇದನ್ನು ಕೊಡಿಸಿದ್ದ.

ಅಷ್ಟರಲ್ಲಿ ನಜೀರರ ಹೆಂಡತಿ ವಾಜಿದಾ ಹೊರಬಂದರು. ದುಂಡು ಮುಖ, ಮಾತಿಗೆ ಮುಂಚೆ ನಗು. ಬಂದವರೇ ದುಪಟ್ಟಾದ ಅಂಚಿನಿಂದ ಡಿಕ್ಕಿಯ ಮೇಲಿನ ಬೆಳ್ಳಿ ರೆಕ್ಕೆಯನ್ನು ಒಂದು ಸಲ ಒರೆಸಿದರು, ಮಗುವಿನ ಮೂಗು ಒರೆಸುವ ಹಾಗೆ. "ಕೂತ್ಕೊಳಿ ಭಯ್ಯಾ. ಈ ಗಾಡಿ ಬಂದ್ಮೇಲೆ ಗಲ್ಲೀಲಿ ಎಲ್ರೂ ನಂಗೆ ಬೇಗಂ ಸಾಹೇಬಾ ಅಂತಾರೆ, ಕಿಚಾಯಿಸ್ತಾರೆ. ಕಿಚಾಯಿಸ್ಲಿ! ಮೂವತ್ತು ವರ್ಷ ಇವ್ರು ಓಡಿಸಿದ ಕಾರಲ್ಲಿ ಒಂದ್ಸಲಾನೂ ನಾನು ಕೂತಿರ್ಲಿಲ್ಲ. ಈಗ ಹಿಂದಿನ ಸೀಟು ನಂದು. ಆ ಮೇಮ್‌ಸಾಬ್ ಕೂರ್ತಿದ್ರಲ್ಲ, ಹಂಗೇ, ಕಿಟಕಿ ಪಕ್ಕ." ಹೋದ ವಾರ ಕಂಟೋನ್ಮೆಂಟಿನ ದೊಡ್ಡ ಹೋಟೆಲೊಂದರಲ್ಲಿ ನೆಂಟರ ಮದುವೆಗೆ ಹೋಗಿದ್ದರಂತೆ. ಗೇಟಿನಲ್ಲಿ ಮೀಸೆಯವನೊಬ್ಬ ಹಿಂದೆ ಬಂದು ಬಿಲ್ಲೆ ನೋಡಿ, ಓಡಿ ಬಂದು ಬಾಗಿಲು ತೆಗೆದು ಸಲಾಮು ಹೊಡೆದನಂತೆ. ವಾಜಿದಾ ಆ ಸಲಾಮನ್ನು ತಾವೇ ಹೊಡೆದು ತೋರಿಸಿದರು. ನಜೀರ್ ಬೆಡ್‌ಶೀಟಿನ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದರು.

ಹೇಳಬೇಕಾದ ಮಾತನ್ನು ಶಿವಶರಣ ಬಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡಿದ್ದ. ಈಗ ಒಂದೂ ನೆಟ್ಟಗೆ ಬರಲಿಲ್ಲ. ಈ ಬಿಲ್ಲೆ ಬೇರೆ ಕಾರಿನದು, ಇದು ಪ್ರಭಾತ್, ಕಂಪ್ಯೂಟರಿನಲ್ಲಿ ಏನೋ ತಪ್ಪಾಗಿದೆ, ಬದಲಾಯಿಸಬೇಕು ಎಂದು ನೆಲ ನೋಡುತ್ತ ಒದರಿದ. ಕಂಪ್ಯೂಟರ್ ಪಾಪ, ಎಲ್ಲರ ತಪ್ಪನ್ನೂ ಹೊತ್ತುಕೊಳ್ಳುವ ಕಾಲ ಅದು. ವಾಜಿದಾ ನಗುತ್ತಲೇ ಇದ್ದರು, ಮಾತು ತಡವಾಗಿ ತಲುಪಿತು. ಆಮೇಲೆ ನಗು ಮುಖದಿಂದ ಒಂದೇ ಸಲ ಹೋಗದೆ, ಹೋಗಲೋ ಬೇಡವೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. "ಗಾಡಿ ಅದೇನೇ ಇರುತ್ತಲ್ಲ? ಇದೊಂದು ಇದ್ರೆ ನಿಮ್ಗೇನು ನಷ್ಟ ಭಯ್ಯಾ? ಇರ್ಲಿ ಬಿಡಿ ಅಂತ ಹೇಳಿ" ಎಂದರು. ಈ ಹೆಂಗಸಿನಿಂದ ಏನನ್ನು ಕಿತ್ತುಕೊಳ್ಳಲು ತಾನು ಬಂದಿದ್ದೇನೆ ಎಂದು ಶಿವಶರಣ ನೆನೆದ. ಹಿಂದಿರುಗಿ ಹೋಗಿಬಿಡಲೇ, ಮನೆಯಲ್ಲಿ ಯಾರೂ ಇರಲಿಲ್ಲ ಎಂದುಬಿಡಲೇ ಎಂದೂ ಯೋಚಿಸಿದ. ಕೊನೆಗೆ ನಜೀರರೇ ಹೆಂಡತಿಗೆ, "ಕಂಪನಿಯವ್ರು ಹೇಳಿದ್ಮೇಲೆ ಮುಗೀತು. ಹೋಗು, ಚಾ ಮಾಡು" ಎಂದರು. ವಾಜಿದಾ ಒಳಗೆ ಹೋದರು. ಪರದೆ ಎಳೆದುಕೊಂಡ ಸದ್ದಾಯಿತು.

ಪಕ್ಕದ ಟೈಲರ್ ಅಂಗಡಿಯಿಂದ ವೈರು ಎಳೆದು ಡ್ರೈಯರ್ ಹಚ್ಚಿದರು. ಬಿಸಿಗಾಳಿ ಹಾಯಿಸಿದರೆ ಬಿಲ್ಲೆಯ ಹಿಂದಿನ ಅಂಟು ಮೆತ್ತಗಾಗುತ್ತದೆ. ಆಮೇಲೆ ಗಾಳದ ದಾರವನ್ನು ಸಂದಿಗೆ ತೂರಿಸಿ, ಬೆಣ್ಣೆ ಕೊಯ್ಯುವಂತೆ ಆಚೀಚೆ ಎಳೆಯಬೇಕು. ಒಂಬತ್ತು ವರ್ಷ ಅಂಟಿಸಿದ್ದವನಿಗೆ ಕೀಳುವುದು ಹೊಸದು. ನಜೀರ್ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಪರದೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕನ್ನಡದಲ್ಲೇ ಹೇಳತೊಡಗಿದರು. ಮನೆಯಲ್ಲಿ ಅವರದು ದಖನಿ ಉರ್ದು. ಹೆಂಡತಿಗೆ ಕನ್ನಡ ಬಂದರೂ, ಡ್ರೈಯರಿನ ಸದ್ದಿನ ನಡುವೆ ಕನ್ನಡದಲ್ಲಿ ಪಿಸುಗುಟ್ಟಿದರೆ ಪರದೆಯಾಚೆ ದಾಟದು ಎಂದು ಅವರ ಲೆಕ್ಕ.

"ನಂಗೆ ಮೊದ್ಲೇ ಗೊತ್ತಿತ್ತು ಸಾರ್. ಗಾಡಿ ಬುಕ್ಕಲ್ಲಿ ಪ್ರಭಾತ್ ಅಂತಿತ್ತು, ಹಿಂದೆ ನೋಡಿದ್ರೆ ಇದು. ಹೇಳೋಣ ಅಂತ ಬಾಯಿ ತೆಗ್ದೆ. ಅವ್ಳ ಮುಖ ನೋಡಿ ಸುಮ್ನಾಗ್ಬಿಟ್ಟೆ."

ಶಿವಶರಣ ದಾರ ಎಳೆಯುತ್ತಿದ್ದ.

"ಆ ಮದ್ವೆ ಕಥೆ ಹೇಳಿದ್ಲಲ್ಲ. ಅವ್ಳಿಗೆ ಸಲಾಮ್ ಹೊಡ್ದ, ನಿಜ. ಅವ್ಳು ಒಳಗೆ ಹೋದ್ಲು. ಅದೇ ಮೀಸೆಯವ್ನು ನನ್ ಕಡೆ ತಿರುಗಿ, ಡ್ರೈವರ್ರೆಲ್ಲಾ ಹಿಂದ್ಗಡೆ, ಅಂದ. ಇಂಥಾ ಗಾಡೀಲಿ ಮುಂದೆ ಒಬ್ನೇ, ಹಿಂದೆ ಹೆಂಗಸು, ಅವ್ನು ಇನ್ನೇನ್ ಅಂದ್ಕೋತಾನೆ? ನಂದೇ ಗಾಡಿ ಕಣಪ್ಪಾ ಅನ್ಬೋದಿತ್ತು. ಬಾಯೇ ಬರ್ಲಿಲ್ಲ. ಡ್ರೈವರ್ ಅಂತ ಯಾರಾದ್ರೂ ಕರೆದ್ರೆ ಕಾಲು ತಾನೇ ಹೋಗ್ಬಿಡುತ್ತೆ ಸಾರ್. ಹೋಯ್ತು. ಊಟದ ಚೀಟಿ ಕೊಟ್ರು, ಹಿಂದ್ಗಡೆ ಶೆಡ್ಡಲ್ಲಿ ಕೂತು ತಿಂದೆ. ಅದೇ ದೇಗ್ಚಿ, ಅದೇ ಬಿರಿಯಾನಿ. ಒಳಗಡೆ ಪಿಂಗಾಣಿ, ನಮ್ಗೆ ಪೇಪರ್ ತಟ್ಟೆ, ಅಷ್ಟೇ." ಅವರು ನಗಲು ನೋಡಿದರು. "ಹಳೇ ಫ್ರೆಂಡ್ಸು ಇಬ್ರು ಸಿಕ್ಕಿದ್ರು. ಯಾರ ಮನೇಲಿದೀಯಾ ಈಗ, ಒಳ್ಳೆ ಗಾಡಿ ಕೊಟ್ಟಿದಾರೆ, ಅಂದ್ರು. ಒಳ್ಳೆ ಜನ ಕಣೋ, ಅಂದೆ. ಮನೇಗ್ ಬಂದು ಇವ್ಳಿಗೆ, ಗಂಡಸರ ಕಡೆ ಊಟ ಬಹಳ ಚೆನ್ನಾಗಿತ್ತು, ಅಂದೆ."

ದಾರ ಶಿವಶರಣನ ಬೆರಳನ್ನು ಕತ್ತರಿಸುತ್ತಿತ್ತು. ಕಾಲು ತಾನೇ ಹೋಗಿಬಿಡುತ್ತದೆ ಎಂಬ ಮಾತು ಅವನೊಳಗೆ ಎಲ್ಲಿಗೋ ಇಳಿದು, ಅಲ್ಲಿ ಬೆವರಿದ ಗ್ಲೌಸಿನೊಳಗಿನ ತನ್ನದೇ ಕೈ ಕಾಣಿಸಿತು. ಎಡಗಡೆಯ ಡಬ್ಬಿಗೆ ಹೋಗುತ್ತಿದ್ದ ಆ ಕೈಯನ್ನು ಅವನು ಹೊರಗಿನವನಂತೆ ನೋಡುತ್ತಿದ್ದ. ಶಾಲೆಯ ಬಾಗಿಲಲ್ಲಿ ನಾಲಗೆಯೂ ಹೀಗೇ ತಾನೇ ಹೋಗಿತ್ತಲ್ಲವೇ. ಯಾರು ಕಲಿಸಿದ್ದು ಇವಕ್ಕೆಲ್ಲ, ಯಾವಾಗ ಕಲಿತವು ಎಂದುಕೊಂಡ. ಬೆಂಗಳೂರಿಗೆ ಬಂದು ಒಂಬತ್ತು ವರ್ಷದಲ್ಲಿ ಲೈನಿನ ಮೇಲೆ ಒಮ್ಮೆಯೂ ಆಡದ ಊರ ಮಾತು ಈಗ ಅವನ ಬಾಯಿಂದ ತಾನಾಗಿ ಬಂತು.

"ಕಂಪ್ಯೂಟರ್ ಅಲ್ರಿ, ನಜೀರ್ ಭಾಯ್. ನಾನಽ ಹಚ್ಚಿದ್ದು ಇದನ್ನ. ಕೈ ತಾನಽ ಹೋತು. ನನ್ನಿಂದ ನಿಮಗ ಹಿಂಗಾತು. ತಪ್ಪಾತ್ರಿ."

ನಜೀರ್ ಅವನ ಮುಖ ನೋಡಿದರು. ಆಮೇಲೆ ಅವನ ಭುಜದ ಮೇಲೆ ಕೈಯಿಟ್ಟು, "ಅರೆ, ಒಂದು ತಿಂಗ್ಳು ನನ್ ಹೆಂಡ್ತಿ ರಾಣಿ ಹಂಗಿದ್ಲು. ಅದೂ ನೀವೇ ಮಾಡಿದ್ದಲ್ವಾ" ಎಂದರು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದ ಶಿವಶರಣನಿಗೆ ಈ ಮಾತು ತಡೆಯಲಾಗಲಿಲ್ಲ. ಕಣ್ಣು ತುಂಬಿತು, ಡ್ರೈಯರಿನ ಬಿಸಿಗಾಳಿಗೆ ಎಂಬಂತೆ ಮುಖ ತಿರುಗಿಸಿಕೊಂಡ.

"ಸುನೋ ಜೀ."

ಪರದೆಯ ಬಳಿ ವಾಜಿದಾ ನಿಂತಿದ್ದರು. ಟ್ರೇಯಲ್ಲಿ ಮೂರು ಲೋಟ ಚಹಾ, ಮೇಲೆ ಕೆನೆ ಕಟ್ಟಿತ್ತು. ನಿಂತು ಬಹಳ ಹೊತ್ತಾಗಿರಬೇಕು. ಶಿವಾಜಿನಗರದಲ್ಲೇ ಹುಟ್ಟಿ, ಮಾರುಕಟ್ಟೆಯಲ್ಲಿ ದಿನಾ ತರಕಾರಿಯವರೊಂದಿಗೆ ಕನ್ನಡದಲ್ಲೇ ಜಗಳವಾಡಿ ಬೆಳೆದ ಹೆಂಗಸಿಗೆ ಕನ್ನಡದ ಪಿಸುಮಾತು ದಾಟದು ಎಂದು ನಂಬಿದ ನಜೀರರ ಮುಗ್ಧತೆಗೆ ಏನನ್ನೋಣ. ಹೆಂಡತಿ ಕೇಳಿದ್ದೂ ಕನ್ನಡದಲ್ಲೇ. "ಅವತ್ತು ಊಟ ಎಲ್ಲಿ ಮಾಡಿದ್ರಿ?"

ನಜೀರ್ ಎದ್ದು ನಿಂತರು. ಬೆಡ್‌ಶೀಟನ್ನು ಎತ್ತಿ ಮತ್ತೆ ಮಡಿಸತೊಡಗಿದರು. ವಾಜಿದಾ ಟ್ರೇಯನ್ನು ಮೆಟ್ಟಿಲ ಮೇಲಿಟ್ಟರು. "ನಾನು ಒಳಗಡೆ ಎರಡ್ಸಲ ಹಾಕಿಸ್ಕೊಂಡೆ. ಸ್ವೀಟೂ ತಿಂದೆ" ಎಂದರು, ಯಾರನ್ನೋ ದೂರುವ ದನಿಯಲ್ಲಿ. ಗಲ್ಲಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು. ಆಮೇಲೆ ವಾಜಿದಾ ಕಾರಿನ ಹಿಂದೆ ಬಂದು, ಅರ್ಧ ಬಿಟ್ಟುಕೊಂಡು ಜೋತಾಡುತ್ತಿದ್ದ ರೆಕ್ಕೆಯನ್ನು ನೋಡಿದರು. ಒರೆಸಲಿಲ್ಲ. "ತೆಗೀರಿ ಭಯ್ಯಾ. ಪೂರ್ತಿ ತೆಗೀರಿ. ಹಿಂದ್ಗಡೆ ಕೂತು ಇವ್ರ ಕತ್ತು ನೋಡೀ ನೋಡೀ ನಂಗೂ ಸಾಕಾಗಿದೆ. ಮಾತಾಡಿದ್ರೆ ಅರ್ಧ ಕೇಳ್ಸಲ್ಲ."

ಶಿವಶರಣ ಉಳಿದದ್ದನ್ನು ಕೊಯ್ದ. ಬೆಳ್ಳಿ ಬಿಲ್ಲೆ ಅವನ ಅಂಗೈಗೆ ಬಿತ್ತು. ಕಾರಿನ ಮೇಲಿದ್ದಾಗ ಕಾಣುವಷ್ಟು ತೂಕ ಅದಕ್ಕಿರಲಿಲ್ಲ, ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ಅಷ್ಟೇ. ಉಳಿದ ಅಂಟನ್ನು ಬನಿಯನ್ ಬಟ್ಟೆಯಿಂದ ಉಜ್ಜಿ ತೆಗೆದು, ಅರ್ಧ ಸೂರ್ಯನನ್ನು ಜಾಗ ಅಳೆದು ಇಟ್ಟು, ಬರಿಗೈಯಿಂದ ಒತ್ತಿ ಹಿಡಿದ. ಹತ್ತಕ್ಕೆ ಬಿಡಲಿಲ್ಲ, ಮೂವತ್ತರವರೆಗೂ ಎಣಿಸಿದ. ಮೂವರೂ ಕಾರಿನ ಹಿಂದೆ ನಿಂತು ತಣ್ಣಗಾದ ಚಹಾ ಕುಡಿದರು. ವಾಜಿದಾ ತಲೆ ಓರೆ ಮಾಡಿ ನೋಡಿ, ಇದೂ ಪರವಾಗಿಲ್ಲ ಎಂದರು. ಅವರಿಗೆ ಬೇಸರವಾಗಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ದಿನಾ ಕಂಡದ್ದು ಇಲ್ಲವಾದಾಗ ಆಗುವ ಬೇಸರ. ಆದರೆ ಅವರ ಕಣ್ಣು ಸೂರ್ಯನ ಮೇಲೆ ನಿಲ್ಲದೆ ಮತ್ತೆ ಮತ್ತೆ ಗಂಡನ ಮುಖಕ್ಕೆ ಹೋಗುತ್ತಿತ್ತು.

ಕೆಲಸ ಮುಗಿದ ಮೇಲೆ ಒಂದು ಸಹಿ ಬೇಕಿತ್ತು. ಹೊರಗಿನ ಯಾವ ಕೆಲಸಕ್ಕೂ ಕಂಪನಿಯವರು ಕೊಟ್ಟು ಕಳಿಸುವ ಸಾಮಾನ್ಯ ಹಾಳೆ, ಕನ್ನಡದಲ್ಲಿ ಅಚ್ಚಾದದ್ದು. ಶಿವಶರಣ ಅದನ್ನು ಅಂಗಿಯ ಜೇಬಿನಿಂದ ತೆಗೆದು ಡಿಕ್ಕಿಯ ಮೇಲೆ ಹರಡಿ ಪೆನ್ನು ಕೊಟ್ಟ. ಕೆಳಗಡೆ ಮಾಲೀಕರು, ಚಾಲಕರು ಎಂದು ಅಕ್ಕಪಕ್ಕದಲ್ಲಿ ಎರಡು ಪದ, ಸಂಬಂಧಪಡದ್ದನ್ನು ಹೊಡೆದುಹಾಕಿ ಎಂದು ಸಣ್ಣಕ್ಷರ. ನಜೀರ್ ಕನ್ನಡಕ ಹುಡುಕಲೂ ಇಲ್ಲ. ಇಂಥ ಹಾಳೆ ಅವರು ನೂರಾರು ನೋಡಿದ್ದರು. ಗ್ಯಾರೇಜಿನಿಂದ ಗ್ಯಾರೇಜಿಗೆ ಮೂವತ್ತು ವರ್ಷ ಸಾಹೇಬರ ಕಾರು ಬಿಟ್ಟು ತಂದವರ ಕೈ, ಯೋಚಿಸದೆ, ಸರಾಗವಾಗಿ ಬಂದು ಮೊದಲನೆಯ ಪದದ ಮೇಲೆ ನಿಂತು ಗೀಟೆಳೆಯತೊಡಗಿತು.

"ಅದಲ್ಲ, ನಜೀರ್ ಭಾಯ್" ಎಂದ ಶಿವಶರಣ. ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

ಪೆನ್ನು ನಿಂತಿತು. ನಜೀರ್ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ, ಮುಂದಕ್ಕೂ ಒಯ್ಯಲಿಲ್ಲ. ತಾನು ಏನು ಮಾಡುತ್ತಿದ್ದೆ ಎಂಬುದು ತಿಳಿಯುತ್ತಿದ್ದಂತೆ ಅವರ ಕಿವಿ ಕೆಂಪಾಯಿತು. ಉರ್ದು ಶಾಲೆಯಲ್ಲಿ ನಾಲ್ಕು ತರಗತಿ ಓದಿದ್ದ ವಾಜಿದಾರಿಗೆ ಕನ್ನಡದ ಅಕ್ಷರ ಬಾರದು. ಗಂಡನ ಮುಖ, ಹಾಳೆ, ಶಿವಶರಣ, ಮೂರನ್ನೂ ಸರದಿಯಲ್ಲಿ ನೋಡಿ ಕೇಳಿದರು, "ಏನ್ ಬರ್ದಿದೆ ಅಲ್ಲಿ?"

ಶಿವಶರಣ ಎರಡೂ ಪದ ಓದಿ ಹೇಳಿದ. ಯಾವುದೋ ಒಂದನ್ನು ಹೊಡೆದುಹಾಕಬೇಕು ಎಂದ.

ವಾಜಿದಾ ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್ನು ತೆಗೆದುಕೊಂಡರು. "ಡ್ರೈವರ್ ಅನ್ನೋದು ಯಾವ್ದು? ಬೆರಳಿಟ್ಟು ತೋರ್ಸಿ" ಎಂದರು. ಶಿವಶರಣ ಬೆರಳಿಟ್ಟ. ಅದರ ಮೇಲೆ ಅವರು ಒಂದು ಗೀಟೆಳೆದರು, ಇನ್ನೊಂದೆಳೆದರು, ಅಕ್ಷರ ಒಂದೂ ಕಾಣದ ಹಾಗೆ, ಹಾಳೆ ಹರಿಯುವವರೆಗೂ ಎಳೆದರು. ಆಮೇಲೆ ಪೆನ್ನನ್ನು ಗಂಡನ ಕೈಗೆ ವಾಪಸು ಕೊಟ್ಟು, "ಈಗ ಮಾಡಿ ಸಹಿ" ಎಂದರು.